ರಸ್ಕುವಿನ ಹೊಟ್ಟೆಯ ವಿಷಯದಲ್ಲಿ ತೋಳರಾಯರಿಗೊಂದು ದೂರು

ಇವರಿಗೆ,
ಶ್ರೀಮಾನ್ ತೋಳರಾಯರು,
ಸಮಸ್ತ ನಾಯಿಕುಲದ ಮೂಲಪುರುಷರು,
ಬಂಡೆಯ ಮೇಲೆ, ಹಿಮದ ನಡುವೆ (ಕರಪತ್ರದ ಚಿತ್ರದಲ್ಲಿ ಕಂಡಂತೆ).

ವಿಷಯ: ತಮ್ಮ ವಂಶದ ಕುಡಿಯೊಬ್ಬನಿಗೆ ತಮ್ಮದೇ ಊಟ ಬಡಿಸಿದಾಗ ಸಂಭವಿಸಿದ ಅನಾಹುತದ ಬಗ್ಗೆ.
ಉಲ್ಲೇಖ: ತಮ್ಮ ಭಾವಚಿತ್ರವಿರುವ, ಆದರೆ ತಮ್ಮ ಸಹಿಯಿಲ್ಲದ, ಎರಡು ಪುಟದ ಬಣ್ಣದ ಕರಪತ್ರ.

ಮಾನ್ಯರೇ,

ತಾವೂ ತಮ್ಮ ಶ್ರೀಮತಿಯವರೂ, ಗುಂಪಿನ ಹಿರಿಯರೂ ಕಿರಿಯರೂ, ಸದ್ಯ ಬೇಟೆಗೆಂದು ಹೊರಗೆ ಹೋಗಿರಬಹುದಾದ ಮಕ್ಕಳೂ ಹಲ್ಲು, ಉಗುರು, ಕರುಳುಗಳ ಸಮೇತ ಆರೋಗ್ಯವಾಗಿದ್ದೀರೆಂದು ನಂಬಿಕೊಂಡು, ಒಬ್ಬ ಬೇಕರಿಯವನು ಹಿಟ್ಟು ಮೆತ್ತಿದ ಕೈಗಳನ್ನು ತೊಳೆದು, ಒರೆಸಿ, ಜೋಡಿಸಿ ಸಲ್ಲಿಸುವ ನಮಸ್ಕಾರಗಳನ್ನು ಸ್ವೀಕರಿಸಬೇಕು. ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಆದರೆ ಇತ್ತ ಎಲ್ಲರೂ ಕ್ಷೇಮವಾಗಿದ್ದಿದ್ದರೆ ನಾನು ಈ ಹೊತ್ತಿನಲ್ಲಿ ಬನ್ನಿನ ಉಂಡೆ ಕಟ್ಟುತ್ತಿರುತ್ತಿದ್ದೆನೇ ಹೊರತು ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡುತ್ತಿರಲಿಲ್ಲ.

ಮೊದಲು ನಮ್ಮ ಪರಿಚಯ. ನಾನು ಮೂರು ತಲೆಮಾರಿನ ಬೇಕರಿಯವನು. ಮುಂದೆ ಅಂಗಡಿ, ನಡುವೆ ಭಟ್ಟಿಯ ಕೋಣೆ, ಹಿಂದೆ ಮನೆ. ಅಂಗಡಿಯಲ್ಲಿ ನನ್ನ ಹೆಂಡತಿ ಇರುತ್ತಾಳೆ, ಭಟ್ಟಿಯ ಮುಂದೆ ನಾನಿರುತ್ತೇನೆ, ಶಾಲೆಯಿಂದ ಬಂದ ಮೇಲೆ ಹತ್ತು ವರ್ಷದ ನನ್ನ ಮಗಳು ಎಲ್ಲ ಕಡೆಯೂ ಇರುತ್ತಾಳೆ. ರಸ್ಕು ಎಂಬ ನಾಯಿಮರಿ ಹುಟ್ಟಿ ಹತ್ತು ವಾರ, ನಮ್ಮ ಮನೆಗೆ ಬಂದು ಮೂರು ವಾರ. ಎರಡು ಸಲ ಬೇಯಿಸಿದ ಬ್ರೆಡ್ಡಿನ ಬಣ್ಣ ಇರುವುದರಿಂದ ಮಗಳು ಆ ಹೆಸರಿಟ್ಟಳು. ಅವನ ಒಂದು ಕಿವಿ ಎದ್ದು ನಿಂತಿದೆ, ಇನ್ನೊಂದಕ್ಕೆ ಇನ್ನೂ ಮನಸ್ಸಾಗಿಲ್ಲ. ಮನೆಗೂ ಭಟ್ಟಿಯ ಕೋಣೆಗೂ ನಡುವೆ, ಅವನು ದಾಟಬಾರದೆಂದು ಇಟ್ಟ ಅಡ್ಡ ಹಲಗೆಯ ಮೇಲೆ ಗದ್ದ ಊರಿ ಕೂರುತ್ತಾನೆ; ಭಟ್ಟಿಯ ಗಂಟೆ ಹೊಡೆದಾಗಲೆಲ್ಲ, ಬ್ರೆಡ್ಡು ಬೆಂದದ್ದೇ ತನ್ನ ಅಪ್ಪಣೆಯಿಂದ ಎನ್ನುವ ಗತ್ತಿನಲ್ಲಿ ಒಮ್ಮೆ ಬೊಗಳುತ್ತಾನೆ. ಪೊಟ್ಟಣದಲ್ಲಿ ಸಿಗುವ ನಾಯಿ ಆಹಾರದ ಕಾಳನ್ನು ಬಿಸಿನೀರಿನಲ್ಲಿ ನೆನೆಸಿ ಕೊಟ್ಟದ್ದನ್ನು ತಿಂದುಕೊಂಡು, ತನ್ನ ಪಾಡಿಗೆ ತಾನು ಸುಖವಾಗಿದ್ದ.

ಈ ಸುಖ ತಮ್ಮ ಕೀರ್ತಿಗೆ ತಕ್ಕದ್ದಲ್ಲ ಎಂದು ನಮಗೆ ತಿಳಿಸಿಕೊಟ್ಟವರು ಕಸರತ್ತಿನ ಮೇಷ್ಟ್ರು. ಇವರು ಮಗಳ ಶಾಲೆಯಲ್ಲಿ ಮಕ್ಕಳನ್ನು ಓಡಿಸುವವರು. ಪ್ರತಿ ಭಾನುವಾರ ಗೋಧಿ ಬ್ರೆಡ್ಡಿಗೆ ಬರುವಾಗ ಗಲ್ಲಾಪೆಟ್ಟಿಗೆಯ ಎತ್ತರದ ಒಂದು ನಾಯಿಯನ್ನು ಜೊತೆಗೆ ತರುವವರು. ಕಳೆದ ಭಾನುವಾರ ಅವರು ರಸ್ಕುವನ್ನು ಮೇಲಿಂದ ಕೆಳಗೆ ನೋಡಿ, ನಿಟ್ಟುಸಿರು ಬಿಟ್ಟು, ಜೇಬಿನಿಂದ ಒಂದು ಕರಪತ್ರ ತೆಗೆದು ನನ್ನ ಕೈಯಲ್ಲಿಟ್ಟರು. ಅದರ ಮುಖಪುಟದಲ್ಲಿ ತಾವು. ಬಂಡೆಯ ಮೇಲೆ ನಿಂತು, ಗಾಳಿಗೆ ಮೈಗೂದಲು ಒಡ್ಡಿ, ದೂರದಲ್ಲಿ ಏನನ್ನೋ ನೋಡುತ್ತಿದ್ದಿರಿ. ಕೆಳಗೆ ದಪ್ಪಕ್ಷರದಲ್ಲಿ, ‘ನಿಮ್ಮ ನಾಯಿಯೊಳಗೆ ಒಂದು ತೋಳ ಮಲಗಿದೆ, ಅದನ್ನು ಎಬ್ಬಿಸಿ’ ಎಂದಿತ್ತು. ಒಳಪುಟದಲ್ಲಿ ಹಸಿ ಮಾಂಸ, ಹಸಿ ಮೂಳೆ, ಹಸಿ ಲಿವರ್ ತಿಂದ ನಾಯಿಗಳಿಗೆ ಹಲ್ಲು ಹೊಳೆಯುತ್ತದೆ, ಮೈ ಮಿಂಚುತ್ತದೆ, ಮಲ ಗಟ್ಟಿಯಾಗಿ ಅಚ್ಚುಕಟ್ಟಾಗಿ ಬೀಳುತ್ತದೆ ಎಂದು ಬರೆದಿತ್ತು. ತಮ್ಮ ಮುಖ ನೋಡಿದ ಮೇಲೆ ಅನುಮಾನಿಸುವುದಾದರೂ ಹೇಗೆ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಾನು ಹಗ್ಗ ಹಿಡಿದುಕೊಂಡು ನಿಂತೇಬಿಟ್ಟೆ.

ಮಾತ್ರವಲ್ಲ, ಕರಪತ್ರವನ್ನು ಅಂಗಡಿಯ ಗಾಜಿನ ಬಾಗಿಲಿಗೆ ಹಚ್ಚಿದೆ. ಹೆಚ್ಚು ದಿನ ಬಾಳಲಿ ಎಂದು ಕೆಳಗಡೆ ಅಗಲವಾದ ಕಂದು ಟೇಪನ್ನು ಎರಡು ಪದರ ಅಂಟಿಸಿದೆ. ಬ್ರೆಡ್ಡಿಗೆ ಬಂದವರನ್ನೆಲ್ಲ ನಿಲ್ಲಿಸಿಕೊಂಡು, ಪ್ರಾಣಿಗಳ ಸಕಲ ರೋಗಕ್ಕೂ ಬೇಯಿಸಿದ ಆಹಾರವೇ ಮೂಲ, ಬೆಂಕಿ ತಾಗಿದ ಕ್ಷಣವೇ ಸತ್ವ ಹಾರಿಹೋಗುತ್ತದೆ ಎಂದು ಉಪದೇಶ ಮಾಡತೊಡಗಿದೆ. ಒಂದು ಮಧ್ಯಾಹ್ನ ಇದನ್ನೆಲ್ಲ ಕೇಳಿಸಿಕೊಂಡ ನನ್ನ ಹೆಂಡತಿ, ಗಿರಾಕಿ ಹೋದ ಮೇಲೆ, “ಹಾಗಾದ್ರೆ ಭಟ್ಟಿ ಆರಿಸಿಬಿಡಿ, ನಾಳೆಯಿಂದ ಎಲ್ಲರಿಗೂ ಹಸಿ ಹಿಟ್ಟೇ ಕಟ್ಟಿಕೊಡೋಣ” ಎಂದಳು. ಮಹಾಕಾರ್ಯಗಳಿಗೆ ಮನೆಯಿಂದಲೇ ವಿಘ್ನ ಬರುವುದು ಸಹಜವೆಂದು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ತಮ್ಮ ಊಟದ ಪದ್ಧತಿಯನ್ನು ನಾನು ಎಷ್ಟು ಭಕ್ತಿಯಿಂದ ನಡೆಸಿದೆ ಎಂಬುದನ್ನು ಇಲ್ಲಿ ದಾಖಲಿಸಲೇಬೇಕು. ಆಮೇಲೆ ತಾವು ನನ್ನ ಕಡೆಯಿಂದಲೇ ಕೊರತೆಯಾಯಿತು ಎನ್ನಬಾರದು. ನೆನೆಸಿದ ಕಾಳನ್ನು ಸೋಮವಾರ ಬೆಳಗ್ಗೆಯಿಂದಲೇ ಪೂರ್ತಿ ನಿಲ್ಲಿಸಿದೆ, ಏಕೆಂದರೆ ತೋಳಗಳಿಗೆ ಪೊಟ್ಟಣ ಒಡೆಯುವ ಅಭ್ಯಾಸವಿಲ್ಲ. ಮಾಂಸದಂಗಡಿಯವನಿಂದ ಕೋಳಿ ಕತ್ತು, ಕೊಚ್ಚಿದ ಮಾಂಸ, ಲಿವರ್ ತಂದು ಫ್ರಿಜ್ಜಿನಲ್ಲಿ ತುಂಬಿದೆ. ಲಿವರ್ ಒಳ್ಳೆಯದು ಎಂದಿತ್ತು ಕರಪತ್ರ. ಒಳ್ಳೆಯದು ಹೆಚ್ಚಿದ್ದರೆ ತಪ್ಪೇನು ಎಂದು ಒಂದು ಹಿಡಿ ಹೆಚ್ಚಿಗೆಯೇ ಹಾಕಿದೆ. ಫ್ರಿಜ್ಜಿನಿಂದ ತೆಗೆದದ್ದನ್ನು ತಣ್ಣಗೆ ಕೊಡಬೇಡಿ, ಸ್ವಲ್ಪ ಹೊತ್ತು ಹೊರಗಿಟ್ಟು ಕೊಡಿ ಎಂದೂ ಅದರಲ್ಲಿತ್ತು. ಈ ಮಾತನ್ನು ಓದಿದಾಗ ನನ್ನ ಎದೆ ಉಬ್ಬಿತು, ಏಕೆಂದರೆ ತಣ್ಣಗಿನದನ್ನು ಹದಕ್ಕೆ ತರುವ ವಿದ್ಯೆಯಲ್ಲಿ ನಮ್ಮ ಮನೆತನಕ್ಕೆ ಸಮ ಇನ್ನೊಂದಿಲ್ಲ. ಮನೆಯ ಮೊದಲ ಕೋಣೆಯಲ್ಲಿ ನಮ್ಮ ತಾತನ ಕಾಲದ ಒಂದು ಬೀರು ಇದೆ. ಅದು ಒರಗಿರುವ ಗೋಡೆಯ ಆಚೆಗೆ ಭಟ್ಟಿ ಇರುವುದರಿಂದ ಒಳಗೆ ಸದಾ ಹದವಾದ ಬಿಸಿ. ಹಿಟ್ಟನ್ನು ಒದ್ದೆ ಬಟ್ಟೆ ಮುಚ್ಚಿ ಅದರಲ್ಲಿಟ್ಟರೆ ಎರಡರಷ್ಟು ಉಬ್ಬಿ ಬರುತ್ತದೆ. ಅವಸರದ ಹಿಟ್ಟು ಕಲ್ಲಾಗುತ್ತದೆ ಎಂದು ತಾತ ಹೇಳುತ್ತಿದ್ದರು. ಫ್ರಿಜ್ಜಿನಿಂದ ಹೊರಬಂದ ಯಾವುದೂ ಆ ಬೀರುವಿನಲ್ಲಿ ಆರು ಗಂಟೆ ವಿಶ್ರಾಂತಿ ಪಡೆಯದೆ ನಮ್ಮ ಮನೆಯಲ್ಲಿ ಮುಂದಿನ ಹೆಜ್ಜೆ ಇಟ್ಟದ್ದಿಲ್ಲ. ತಮ್ಮ ಮಾಂಸಕ್ಕೂ ಅದೇ ಗೌರವ ಸಂದಿತು. ಬೆಳಗ್ಗೆ ಏಳಕ್ಕೆ ಬಟ್ಟಲಿನಲ್ಲಿ ಹಾಕಿ, ಒದ್ದೆ ಬಟ್ಟೆ ಮುಚ್ಚಿ ಒಳಗಿಟ್ಟರೆ ಮಧ್ಯಾಹ್ನ ಒಂದಕ್ಕೆ ತೆಗೆಯುತ್ತಿದ್ದೆ. ಬಟ್ಟೆ ಎತ್ತಿದಾಗ ಸಣ್ಣಗೆ ಹುಳಿ ವಾಸನೆ ಬರುತ್ತಿತ್ತು. ಹುಳಿ ವಾಸನೆ ಬಂದರೆ ಹದ ಬಂತು ಎಂದು ನಲವತ್ತು ವರ್ಷ ನಂಬಿ ಬಂದ ಮೂಗು ನನ್ನದು.

(ಈ ಪತ್ರವನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದ ಮೇಲೆ ಓದುತ್ತಿರುವ ಗಿರಾಕಿಗಳು ಗಾಬರಿಯಾಗಬಾರದು. ಆ ಬೀರು ಅಂಗಡಿಯದಲ್ಲ, ಮನೆ ಮಂದಿಯ ಬ್ರೆಡ್ಡಿಗೆ ಮಾತ್ರ ಬಳಸುತ್ತಿದ್ದದ್ದು. ಅದನ್ನು ನಾನು ಕುದಿಯುವ ನೀರಿನಲ್ಲಿ ಮೂರು ಸಲ ತೊಳೆದಿದ್ದೇನೆ. ನಾನು ತೊಳೆದದ್ದು ತೊಳೆದಂತಲ್ಲ ಎಂದು ನನ್ನ ಹೆಂಡತಿ ನಾಲ್ಕನೆಯ ಸಲ ತೊಳೆದಿದ್ದಾಳೆ.)

ಸೋಮವಾರ ತಮ್ಮ ಜಯವಾಯಿತು. ರಸ್ಕು ಬಟ್ಟಲು ನೆಕ್ಕಿ, ಬಟ್ಟಲಿನ ಕೆಳಗಿನ ನೆಲ ನೆಕ್ಕಿ, ಕೋಳಿ ಕತ್ತನ್ನು ಕಚ್ಚಿಕೊಂಡು ಮೂಲೆಗೆ ಹೋಗಿ ಗುರ್ ಎಂದ. ಒಳಗಿದ್ದವರು ಎದ್ದರು ಎಂದು ನಾನು ಬಾಗಿಲಲ್ಲಿ ನಿಂತವರಿಗೆಲ್ಲ ಸಾರಿದೆ. ಮಂಗಳವಾರ ಒಳಗಿದ್ದವರು ಎದ್ದದ್ದಷ್ಟೇ ಅಲ್ಲ, ಹೊರಗೂ ಬರತೊಡಗಿದರು. ಕರಪತ್ರದಲ್ಲಿ ಗಟ್ಟಿಯಾಗಿ ಅಚ್ಚುಕಟ್ಟಾಗಿ ಬೀಳುತ್ತದೆ ಎಂದಿದ್ದುದು ಬಟ್ಟೆ ಒಗೆಯುವ ಕಲ್ಲಿನ ಬಳಿ ಒಂದು ಸಲ, ಮಗಳ ಶಾಲೆಯ ಚೀಲದ ಪಕ್ಕ ಎರಡು ಸಲ, ನನ್ನ ಚಪ್ಪಲಿಯ ಒಳಗೆ ಒಂದು ಸಲ, ಲೋಳೆ ಸಮೇತ, ನೀರಾಗಿ ಹರಿಯಿತು. ಅದರ ವಾಸನೆಯನ್ನು ವರ್ಣಿಸಿ ಸಭ್ಯತೆ ಮೀರಲಾರೆ. ಮೂರು ತಲೆಮಾರಿನಲ್ಲಿ ಮೊದಲ ಬಾರಿಗೆ ನಮ್ಮ ಮನೆಯಲ್ಲಿ ಬ್ರೆಡ್ಡಿನ ಪರಿಮಳ ಸೋತಿತು ಎಂದಷ್ಟೇ ಹೇಳುತ್ತೇನೆ. ಇದು ಮೈಯೊಳಗಿನ ಕಲ್ಮಶ ಹೊರಹೋಗುವ ಲಕ್ಷಣ ಎಂದು ಹೆಂಡತಿಗೆ ವಿವರಿಸಿದೆ. ಅವಳು ನನ್ನ ಕೈಗೆ ನೆಲ ಒರೆಸುವ ಬಟ್ಟೆ ಕೊಟ್ಟಳು.

ಆ ಬಟ್ಟೆ ಹಿಂಡುತ್ತ ಕೂತಾಗಲೇ ತಮ್ಮ ಹೊಟ್ಟೆಯ ಬಗ್ಗೆ ನನ್ನ ಗೌರವ ನೂರ್ಮಡಿಯಾಯಿತು. ಎಂಥ ಹೊಟ್ಟೆ ಸ್ವಾಮಿ ತಮ್ಮದು! ಮೂರು ದಿನ ಸತ್ತು ಬಿದ್ದ ಜಿಂಕೆಯಾದರೂ ಸರಿ, ಮೂಳೆ ಸಮೇತ ನುಂಗಿ, ಒಂದು ತೇಗು ತೇಗಿ, ಚಿತ್ರಕ್ಕೆ ನಿಲ್ಲಬಲ್ಲ ಹೊಟ್ಟೆ. ಅಂಥ ಹೊಟ್ಟೆಯನ್ನು ತಮ್ಮಲ್ಲೇ ಉಳಿಸಿಕೊಂಡು, ವಂಶಸ್ಥರಿಗೆ ಬರೀ ಬಾಲವನ್ನೂ ಮೂಗನ್ನೂ ಆಸ್ತಿಯಾಗಿ ಬರೆದುಕೊಟ್ಟದ್ದು ಯಾವ ನ್ಯಾಯ? ಆದ್ದರಿಂದ, ತಾವು ದೊಡ್ಡ ಮನಸ್ಸು ಮಾಡಿ, ಒಂದು ದಿನದ ಮಟ್ಟಿಗೆ ಬಂಡೆಯಿಂದ ಇಳಿದು ನಮ್ಮ ಅಂಗಡಿಯ ತನಕ ದಯಮಾಡಿಸಿ, ಮರಿಯ ಹೊಟ್ಟೆಗೆ ಕಿವಿಯಿಟ್ಟು, ಒಳಗೆ ಮಲಗಿರುವವರು ನಿಜವಾಗಿ ತಮ್ಮ ಪೈಕಿಯವರೇ ಹೌದೋ ಅಲ್ಲವೋ ಎಂದು ಪರೀಕ್ಷಿಸಿ ಬರಹದಲ್ಲಿ ಕೊಡಬೇಕೆಂದು ಕೋರುತ್ತೇನೆ. ತಾವು ಬರುವ ಹೊತ್ತಿಗೆ ಗಿರಾಕಿಗಳು ಕಡಿಮೆ ಇದ್ದರೆ ಅನುಕೂಲ.

ಬುಧವಾರ ಮರಿ ವಾಂತಿ ಮಾಡಿತು. ಅದರಲ್ಲಿ ಮೂಳೆಯ ಚೂರುಗಳ ನಡುವೆ ಒಂದಿಷ್ಟು ಬೆಳ್ಳನೆಯ ಪುಡಿ ಇತ್ತು. ಮೂರು ತಲೆಮಾರಿನವನ ಕಣ್ಣು ಕೂಡಲೇ ಗುರುತು ಹಿಡಿಯಿತು. ಅದು ಬಿಸ್ಕತ್ತು, ಅದೂ ನಮ್ಮ ಅಂಗಡಿಯ ಬೆಣ್ಣೆ ಬಿಸ್ಕತ್ತು. ಬೇಯಿಸಿದ ಒಂದು ಚೂರೂ ಮರಿಯ ಬಾಯಿಗೆ ಹೋಗಕೂಡದು ಎಂದು ನಾನು ಸೋಮವಾರವೇ ಕಟ್ಟಪ್ಪಣೆ ಮಾಡಿದ್ದೆ. ಮಗಳನ್ನು ಕರೆದೆ. ಅವಳು ತಲೆ ತಗ್ಗಿಸಿ, “ಅರ್ಧ ಕೊಟ್ಟೆ ಅಪ್ಪಾ, ಅವನು ಹಲಗೆ ಮೇಲೆ ಗದ್ದ ಇಟ್ಕೊಂಡು ನೋಡ್ತಿದ್ದ” ಎಂದಳು. ಆಗ ನನಗೆ ಎಷ್ಟು ಸಮಾಧಾನವಾಯಿತು ಎಂದರೆ, ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಕಾರಣ ಸಿಕ್ಕಿತ್ತು, ಅದು ನಾನಾಗಿರಲಿಲ್ಲ. ಹಸಿ ಆಹಾರಕ್ಕೂ ಬೇಯಿಸಿದ ಆಹಾರಕ್ಕೂ ಹೊಟ್ಟೆಯಲ್ಲಿ ಜಗಳವಾಗಿದೆ, ಇಷ್ಟಕ್ಕೆಲ್ಲ ಆ ಅರ್ಧ ಬಿಸ್ಕತ್ತೇ ಮೂಲ, ಹೇಳಿದ ಮಾತು ಕೇಳದಿದ್ದರೆ ಹೀಗೇ ಆಗುವುದು ಎಂದು ಗಿರಾಕಿಗಳ ಎದುರಿಗೇ ಹೇಳಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಮಗಳು ಅಳಲಿಲ್ಲ. ಆದರೆ ಆ ದಿನ ಸಂಜೆ ತಟ್ಟೆಯಲ್ಲಿದ್ದ ಅವಳ ಪಾಲಿನ ಬಿಸ್ಕತ್ತು ಹಾಗೆಯೇ ಉಳಿಯಿತು, ಮರುದಿನದ್ದೂ ಉಳಿಯಿತು.

ಗುರುವಾರ ಬೆಳಗ್ಗೆ ಎಂಟಕ್ಕೆ ಭಟ್ಟಿಯ ಗಂಟೆ ಹೊಡೆಯಿತು. ಬೊಗಳಿಕೆ ಕೇಳಲಿಲ್ಲ. ತಿರುಗಿ ನೋಡಿದರೆ ಹಲಗೆಯ ಮೇಲೆ ಗದ್ದವೂ ಇರಲಿಲ್ಲ. ಟ್ರೇಯನ್ನು ಹಾಗೇ ಬಿಟ್ಟು ಒಳಗೆ ಹೋದೆ. ರಸ್ಕು ಹಿಟ್ಟಿನ ಖಾಲಿ ಚೀಲದ ಮೇಲೆ ಚಪ್ಪಟೆಯಾಗಿ ಮಲಗಿದ್ದ. ಎದ್ದು ನಿಲ್ಲುತ್ತಿದ್ದ ಒಂದು ಕಿವಿಯೂ ಬಿದ್ದುಹೋಗಿತ್ತು. ನೀರಿನ ಬಟ್ಟಲನ್ನು ಮೂತಿಯ ಹತ್ತಿರ ಹಿಡಿದರೆ ಮುಖ ತಿರುಗಿಸಿದ. ಅವನ ಬೆನ್ನಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟೆ, ಅದು ಕೆಳಗಿಳಿಯದೆ ಎತ್ತಿದ ಹಾಗೆಯೇ ನಿಂತಿತು. ಒತ್ತಿ ಬಿಟ್ಟ ಹಿಟ್ಟು ಮತ್ತೆ ಮೊದಲಿನಂತಾಗದಿದ್ದರೆ ಅದು ಸತ್ತ ಹಿಟ್ಟು ಎನ್ನುತ್ತೇವೆ ನಾವು. ಇಷ್ಟು ಹೊತ್ತು ತಮ್ಮನ್ನು ಹೊಗಳುತ್ತ ಬಂದಿದ್ದೇನೆ ತೋಳರಾಯರೇ, ಆದರೆ ಆ ಗಳಿಗೆಯಲ್ಲಿ ತಮ್ಮ ನೆನಪು ನನಗೆ ಬರಲೇ ಇಲ್ಲ. ಬೆನ್ನ ಹಿಂದೆ ಸಮವಸ್ತ್ರ ಹಾಕಿಕೊಂಡು ನಿಂತಿದ್ದ ಮಗಳ ಮುಖ ನೋಡುವ ಧೈರ್ಯವೂ ಬರಲಿಲ್ಲ.

ಬ್ರೆಡ್ಡಿನ ಬುಟ್ಟಿಯಲ್ಲಿ ಟವೆಲು ಹಾಸಿ, ಮರಿಯನ್ನು ಮಲಗಿಸಿ, ನಾನೂ ಮಗಳೂ ಪ್ರಾಣಿಗಳ ಆಸ್ಪತ್ರೆಗೆ ಓಡಿದೆವು. ಅಲ್ಲಿನ ಡಾಕ್ಟರಮ್ಮ ಕಡಿಮೆ ಮಾತಿನವರು. ಮರಿಯ ವಸಡು ಒತ್ತಿ ನೋಡಿದರು, ಜ್ವರ ನೋಡಿದರು, ಒಂದು ಸಣ್ಣ ಸೂಜಿ ಚುಚ್ಚಿ ಚರ್ಮದ ಕೆಳಗೆ ನೀರು ಬಿಡತೊಡಗಿದರು. ಮಲವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಒಳಗೆ ಕಳಿಸಿದರು. ಆಗ ನನ್ನ ಮಗಳು ಮೇಜಿನ ಅಂಚು ಹಿಡಿದುಕೊಂಡು, “ಡಾಕ್ಟರೇ, ಅರ್ಧ ಬಿಸ್ಕತ್ತು ತಿಂದ್ರೆ ನಾಯಿಮರಿ ಸತ್ತೋಗುತ್ತಾ?” ಎಂದು ಕೇಳಿದಳು. ಡಾಕ್ಟರಮ್ಮ ತಲೆ ಎತ್ತಿ, “ಯಾರಮ್ಮಾ ಹೇಳಿದ್ದು ಹಾಗೆ?” ಎಂದರು. ಮಗಳು ನನ್ನ ಕಡೆ ನೋಡಲಿಲ್ಲ. ಬೂಟಿನ ಲಾಡಿಯನ್ನೇ ನೋಡುತ್ತ, ಯಾರೂ ಹೇಳಲಿಲ್ಲ ಎಂಬಂತೆ ತಲೆಯಾಡಿಸಿದಳು. ನಾನು ಖಾಲಿ ಬುಟ್ಟಿಯ ಟವೆಲನ್ನು ಸರಿಮಾಡತೊಡಗಿದೆ.

ಆಮೇಲೆ ಏನು ಕೊಟ್ಟಿರಿ, ಯಾವಾಗಿಂದ ಕೊಟ್ಟಿರಿ, ಎಲ್ಲಿಟ್ಟಿದ್ದಿರಿ ಎಂದು ವಿಚಾರಣೆಯಾಯಿತು. ಮೊದಲೆರಡಕ್ಕೆ ನಾನು ತಡವರಿಸಿ ಉತ್ತರಿಸಿದೆ. ಮೂರನೆಯದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಮಗಳು, ಅಪ್ಪನ ಮೇಲೆ ಯಾರೂ ತಪ್ಪು ಹೊರಿಸಬಾರದೆಂದು, ಮುಂದೆ ಬಂದಳು. “ನಮ್ಮಪ್ಪ ತುಂಬಾ ಚೆನ್ನಾಗಿ ನೋಡ್ಕೊಂಡ್ರು ಡಾಕ್ಟರೇ. ತಣ್ಣಗೆ ಕೊಡಬಾರದು ಅಂತ ಹಿಟ್ಟು ಉಬ್ಬೋ ಬೀರೂಲಿ ಇಡ್ತಿದ್ರು. ಒದ್ದೆ ಬಟ್ಟೆ ಮುಚ್ಚಿ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ಬೆಚ್ಚಗೆ ಇಡ್ತಿದ್ರು.” ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಪೆನ್ನನ್ನು ಕೆಳಗಿಟ್ಟರು. ನನ್ನನ್ನು ಬೈಯಲಿಲ್ಲ. ಶಾಂತವಾಗಿ, “ನಿಮ್ಮ ಹಿಟ್ಟು ಯಾಕೆ ಉಬ್ಬುತ್ತೆ, ಹೇಳಿ” ಎಂದರು. ನಲವತ್ತು ವರ್ಷದ ವಿದ್ಯೆ, ನಾಲಿಗೆಯ ತುದಿಯಲ್ಲೇ ಇತ್ತು. “ಬೆಚ್ಚಗಿದ್ರೆ ಅದರಲ್ಲಿರೋ ಈಸ್ಟ್ ಬೆಳೆಯುತ್ತೆ” ಎಂದೆ. “ಬೆಚ್ಚಗಿದ್ರೆ ಬೆಳೆಯೋದು ಈಸ್ಟ್ ಒಂದೇನಾ?” ಎಂದರು. ನಾನು ಕೊಟ್ಟ ಉತ್ತರ ಆಗ ನನಗೇ ಕೇಳಿಸಿತು.

ಮಿಕ್ಕದ್ದನ್ನು ಅವರು ಬಿಡಿಸಿ ಹೇಳಿದರು. ಹಸಿ ಮಾಂಸದಲ್ಲಿ ಕಣ್ಣಿಗೆ ಕಾಣದ ರೋಗಾಣುಗಳು ಇರಬಹುದು. ಎಳೆಯ ಮರಿಗೆ ಅವನ್ನು ತಡೆದುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಅಂಥದ್ದನ್ನು ಬೆಚ್ಚನೆಯ ಬೀರುವಿನಲ್ಲಿ ಆರು ಗಂಟೆ ಇಟ್ಟರೆ ಅವುಗಳ ಸಂಸಾರ ಬೆಳೆಯಲು ಮನೆ ಕಟ್ಟಿಕೊಟ್ಟ ಹಾಗೆ. ಮರಿಯ ಊಟವನ್ನು ಒಂದೇ ದಿನದಲ್ಲಿ ಬದಲಾಯಿಸಬಾರದು, ಲಿವರನ್ನು ಹಿಡಿಗಟ್ಟಲೆ ಹಾಕಬಾರದು, ಮೂಳೆಯ ಚೂರು ಕರುಳಿನಲ್ಲಿ ಸಿಕ್ಕಿಕೊಳ್ಳದೆ ಹೋದದ್ದು ನಮ್ಮ ಪುಣ್ಯ. “ಮತ್ತೆ ತೋಳ?” ಎಂದು ನಾನು ಕೊನೆಯ ಆಸರೆಯಾಗಿ ತಮ್ಮ ಹೆಸರೆತ್ತಿದೆ. ಆಗ ಆ ಕಡಿಮೆ ಮಾತಿನವರು ನಕ್ಕರು. “ತೋಳದ ಮರೀನೂ ಮೊದ್ಲು ಹಾಲು ಕುಡಿಯುತ್ತೆ. ಆಮೇಲೆ ಅಪ್ಪ ಅಮ್ಮ ತಿಂದು, ಅರ್ಧ ಅರಗಿಸಿ, ವಾಪಸ್ ಕಕ್ಕಿದ್ದನ್ನ ತಿನ್ನುತ್ತೆ. ನೀವು ಅಷ್ಟು ಮಾಡೋಕೆ ತಯಾರಿದ್ದೀರಾ?” ಎಂದರು. ಈ ಒಂದು ವಿವರವನ್ನು ಕರಪತ್ರದಲ್ಲಿ ಮರೆಮಾಚಿದ್ದು ತಮ್ಮಂಥ ಘನವಂತರಿಗೆ ತರವಲ್ಲ. ಹೊಟ್ಟೆಗೆ ಮೆತ್ತಗಿನ ಊಟ ಮಾಡಿಸಿ ಬೆಳೆಸಿದ್ದು ತಮ್ಮ ತಾಯಿ, ಬಂಡೆಯ ಮೇಲೆ ನಿಂತು ಹೆಸರು ತೆಗೆದುಕೊಂಡದ್ದು ತಾವು. ಇನ್ನಾದರೂ ಆ ಚಿತ್ರದಲ್ಲಿ ತಾವು ಪಕ್ಕಕ್ಕೆ ಸರಿದು ಆ ಮಹಾತಾಯಿಗೆ ಜಾಗ ಬಿಡಬೇಕು. ಅಥವಾ ಅನುಭವಸ್ಥ ತಾಯಿ ತೋಳರೊಬ್ಬರನ್ನು ಎರಡು ತಿಂಗಳ ಮಟ್ಟಿಗೆ ನಮ್ಮ ಮನೆಗೆ ನಿಯೋಜಿಸಿ ಕಳಿಸಬೇಕು. ಊಟ ಮತ್ತು ವಸತಿ ನಮ್ಮದು, ಕಕ್ಕುವ ಸಮಯವನ್ನು ಅವರ ಅನುಕೂಲಕ್ಕೆ ಬಿಡಲಾಗುವುದು.

ಮನೆಗೆ ಬಂದ ಮೇಲೆ, ಮರಿ ಬುಟ್ಟಿಯಲ್ಲಿ ನಿದ್ದೆಹೋದ ಮೇಲೆ, ಮಗಳು ಅಮ್ಮನಿಗೆ ಎಲ್ಲ ವರದಿ ಒಪ್ಪಿಸಿ ಕೊನೆಗೆ, “ಬೀರೂಂದು ಅರ್ಧ ತಪ್ಪು, ಬಿಸ್ಕತ್ತಿಂದು ಅರ್ಧ. ಅಪ್ಪಂದು ಅರ್ಧ, ನಂದು ಅರ್ಧ” ಎಂದಳು. ಹೆಂಡತಿ ನನ್ನ ಮುಖ ನೋಡಿದಳು. ನಾನು ಬ್ರೆಡ್ಡು ಕೊಯ್ಯುವ ಚಾಕು ಒರೆಸುತ್ತಿದ್ದೆ. ಬಿಸ್ಕತ್ತಿನಿಂದ ಏನೂ ಆಗಿಲ್ಲ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಹತ್ತು ವರ್ಷದ ಹುಡುಗಿ ತಾನಾಗಿ ಹೊತ್ತುಕೊಂಡ ಅರ್ಧವನ್ನು ಅವಳ ಹತ್ತಿರವೇ ಬಿಟ್ಟು, ನನ್ನ ಪಾಲಿನ ಅರ್ಧದ ಮೇಲೆ ಹಾಯಾಗಿ ಕೂತೆ. ಶುಕ್ರವಾರ ಇಡೀ ದಿನ ಹಾಗೆಯೇ ಕೂತಿದ್ದೆ. ಇವತ್ತು ಬೆಳಗ್ಗೆ ಆ ಉಳಿದರ್ಧವನ್ನೂ ತಮ್ಮ ತಲೆಗೆ ಕಟ್ಟುವುದೆಂದು ನಿಶ್ಚಯಿಸಿ, ಬಿಳಿ ಹಾಳೆ ತೆಗೆದು, ಈ ದೂರನ್ನು ಬರೆಯತೊಡಗಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮೂರು ಪುಟ ನೆಲದ ಡೊಂಕನ್ನೇ ಬರೆದೆ.

ತಮ್ಮ ಹೊಟ್ಟೆಯನ್ನು ಹೊಗಳಿದ ಪುಟವನ್ನು ಹೆಂಡತಿಗೆ ಓದಿ ಹೇಳಿದೆ, ಚೆನ್ನಾಗಿ ಬಂದಿದೆ ಎನ್ನುತ್ತಾಳೆಂದು. ಅವಳು ಗಾಜಿನ ಬಾಗಿಲಿನಿಂದ ಕಂದು ಟೇಪು ಕೆರೆಯುತ್ತಿದ್ದಳು. ಟೇಪು ಎದ್ದಾಗ ಕರಪತ್ರದ ಕೊನೆಯ ಸಾಲು ಹೊರಬಂತು. ‘ಮರಿಗಳಿಗೆ ಕೊಡುವ ಮುನ್ನ ಪಶುವೈದ್ಯರನ್ನು ತಪ್ಪದೆ ಕೇಳಿ’ ಎಂದು ಸಣ್ಣಕ್ಷರದಲ್ಲಿತ್ತು. ಅದರ ಮೇಲೇ ನಾನು ಎರಡು ಪದರ ಟೇಪು ಅಂಟಿಸಿದ್ದೆ. ಅವಳು ಅದನ್ನು ಓದಿ, ನನ್ನನ್ನು ನೋಡಿ, “ತೋಳಕ್ಕೆ ಓದೋಕೆ ಬರಲ್ಲ. ಬರೋರಿಗೆ ಬರೀರಿ” ಎಂದು ಗಲ್ಲಾಪೆಟ್ಟಿಗೆಯ ಕಡೆ ಹೋದಳು.

ಆದ್ದರಿಂದ ತೋಳರಾಯರೇ, ತಾವು ಕೆಲಹೊತ್ತು ಆಚೆ ನೋಡುತ್ತ ನಿಲ್ಲಬೇಕು. ಹೇಗೂ ತಮಗೆ ಅದು ಅಭ್ಯಾಸ. ಈ ಮುಂದಿನದು ನನ್ನ ಮಗಳಿಗೆ. ಕಂದಾ, ರಸ್ಕುವಿನ ಹೊಟ್ಟೆ ಕೆಟ್ಟದ್ದು ನಿನ್ನ ಬಿಸ್ಕತ್ತಿನಿಂದ ಅಲ್ಲ. ಅದು ನಾನು ಕೊಟ್ಟ ಮಾಂಸದಿಂದ, ನನ್ನ ಬೀರುವಿನಿಂದ, ಯಾರನ್ನೂ ಕೇಳದ ನನ್ನ ಜಂಬದಿಂದ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವನು ಅವನು, ಬೈಸಿಕೊಂಡವಳು ನೀನು. ಇದು ನನಗೆ ಗುರುವಾರವೇ ಗೊತ್ತಾಗಿತ್ತು, ಎರಡು ದಿನ ಹೇಳದೆ ಉಳಿದೆ. ಮರಿ ಸತ್ತುಹೋಗುತ್ತದೆ ಎಂದು ನನಗೆ ತುಂಬ ಹೆದರಿಕೆಯಾಗಿತ್ತು. ನಿನ್ನ ಕಣ್ಣಲ್ಲಿ ನಾನು ಸಣ್ಣವನಾಗುತ್ತೇನೆ ಎಂದು ಅದಕ್ಕಿಂತ ಹೆಚ್ಚು ಹೆದರಿಕೆಯಾಗಿತ್ತು. ನೀನು ನಿನ್ನದೆಂದು ಇಟ್ಟುಕೊಂಡಿರುವ ಆ ಅರ್ಧ ತಪ್ಪನ್ನು ದಯವಿಟ್ಟು ನನಗೆ ವಾಪಸು ಕೊಡು. ಅದು ನನ್ನದು. ಗಿರಾಕಿಗಳ ಮುಂದೆ ನಿನ್ನನ್ನು ಬೈದದ್ದರಿಂದ ಇದನ್ನೂ ಗಿರಾಕಿಗಳ ಮುಂದೆಯೇ ಹೇಳುತ್ತಿದ್ದೇನೆ.

ತೋಳರಾಯರೇ, ಈಗ ಇತ್ತ ತಿರುಗಬಹುದು. ತಮ್ಮ ಮೇಲಿನ ದೂರನ್ನು ಹಿಂತೆಗೆದುಕೊಂಡಿದ್ದೇನೆ. ಹೊಗಳಿಕೆಯನ್ನು ತಾವು ಇಟ್ಟುಕೊಳ್ಳಬಹುದು. ತಮ್ಮ ಕುಡಿಗೆ ಡಾಕ್ಟರಮ್ಮ ಹೇಳಿದಂತೆ ಮೆತ್ತಗೆ ಬೇಯಿಸಿದ ಅನ್ನ, ಬೇಯಿಸಿ ಮೂಳೆ ಬಿಡಿಸಿದ ಕೋಳಿ, ಸ್ವಲ್ಪ ಸ್ವಲ್ಪವೇ, ದಿನಕ್ಕೆ ಐದು ಸಲ ನಡೆದಿದೆ. ವಾರ ಕಳೆದ ಮೇಲೆ ಹಳೆಯ ನೆನೆಸಿದ ಕಾಳು. ನಿನ್ನೆ ಸಂಜೆ ಒಂದು ಕಿವಿ ಎದ್ದು ನಿಂತಿತು. ಇವತ್ತು ಬೆಳಗ್ಗೆ ಮಲ ಗಟ್ಟಿಯಾಗಿ, ಅಚ್ಚುಕಟ್ಟಾಗಿ, ಕರಪತ್ರದಲ್ಲಿ ಬಣ್ಣಿಸಿದ ಹಾಗೆಯೇ ಬಿತ್ತು. ಅದನ್ನು ನೋಡಿ ನಮ್ಮ ಮನೆ ಮಂದಿಯೆಲ್ಲ ಕೈ ತಟ್ಟಿದೆವು. ತಮ್ಮ ಕರಪತ್ರವಿದ್ದ ಜಾಗದಲ್ಲೇ ಈ ಪತ್ರವನ್ನು ಅಂಟಿಸುತ್ತಿದ್ದೇನೆ, ಆದರೆ ಒಂದು ಮೊಳ ಕೆಳಗೆ, ಹತ್ತು ವರ್ಷದವರ ಕಣ್ಣಿಗೆ ನೇರವಾಗಿ. ದೊಡ್ಡವರು ಓದಬೇಕೆಂದರೆ ಬಾಗಬೇಕಾಗುತ್ತದೆ. ಅದರಿಂದ ಸೊಂಟ ಹಿಡಿದರೆ ನನ್ನನ್ನು ಕ್ಷಮಿಸಬೇಕು.

ಇಷ್ಟಾದ ಮೇಲೂ ತಾವು ಒಪ್ಪುವುದಾದರೆ,

ತಮ್ಮ ವಿಶ್ವಾಸಿ,
ಬೇಯಿಸಿದ್ದನ್ನೇ ಮಾರುವ ಬೇಕರಿಯವನು

ಸೇರಿಸಿದ್ದು: ಪತ್ರ ಅಂಟಿಸಿ ಒಂದು ಗಂಟೆಯೂ ಆಗಿಲ್ಲ. ಭಟ್ಟಿಯ ಗಂಟೆ ಹೊಡೆಯಿತು, ಹಲಗೆಯ ಮೇಲಿನಿಂದ ಬೊಗಳಿಕೆಯ ಬದಲು ಉದ್ದಕ್ಕೆ ಎಳೆದ ಒಂದು ಊಳು ಕೇಳಿತು. ತಾವು ಎದ್ದಿರೆಂದು ಕಾಣುತ್ತದೆ, ಅದೂ ಅನ್ನ ತಿಂದು. ಕಸರತ್ತಿನ ಮೇಷ್ಟ್ರಿಗೆ ತಾವೇ ತಿಳಿಸುವುದು ಒಳ್ಳೆಯದು, ನನ್ನ ಮಾತನ್ನು ಅವರು ನಂಬಲಾರರು.

ಮತ್ತೂ ಸೇರಿಸಿದ್ದು: ಈಗ ತಾನೇ ನೋಡುತ್ತೇನೆ, ಮೇಲೆ ಮಗಳಿಗೆ ಬರೆದ ಭಾಗದ ಪಕ್ಕದಲ್ಲಿ ಯಾರೋ ಪೆನ್ಸಿಲಿನಿಂದ ಬರೆದಿದ್ದಾರೆ. ಅದನ್ನು ಇದ್ದ ಹಾಗೆಯೇ ಕೆಳಗೆ ಇಳಿಸಿದ್ದೇನೆ: “ತಗೋ ಅಪ್ಪಾ, ವಾಪಸ್ ಕೊಟ್ಟೆ. ಆದ್ರೆ ಬಿಸ್ಕತ್ತು ಅರ್ಧ ಅಲ್ಲ, ಒಂದೂವರೆ.”